ಇಪ್ಪತ್ಮೂರು ಫೋಟೋ ದಾಟಿ ಬಂದ ಅರ್ಜಿ

ನಿಮಗೂ ಹಿಂಗ ಆಗೈತೇನ್ರೀ? ಮೊಬೈಲಿನಾಗ ಒಂದು ಸರ್ಕಾರಿ ಅರ್ಜಿ ತುಂಬಾಕ ಕುಂತಿರ್ತೀರಿ. ಅಪ್ಪನ ಹೆಸರು ಹಾಕಿರ್ತೀರಿ, ಊರು ಹಾಕಿರ್ತೀರಿ, ಓಣಿ ಹಾಕಿರ್ತೀರಿ. ಕಡೀಕ ಒಂದು ಡಬ್ಬಿಯೊಳಗ ಸೊಟ್ಟಂಪಟ್ಟ ಅಕ್ಷರ ಬಂದು, ಇದನ್ನ ನೋಡಿ ಬರೀರಿ ಅಂತೈತಿ. ಬರದ್ರ ತಪ್ಪು. ಇನ್ನೊಮ್ಮೆ ಬರದ್ರೂ ತಪ್ಪು. ಮೂರನೇ ಸಲಕ್ಕ ‘ನಿಮ್ಮ ಸಮಯ ಮುಗಿದಿದೆ’ ಅಂತ ಹೇಳಿ, ಅಪ್ಪನ ಹೆಸರು ಸಮೇತ ಎಲ್ಲಾ ನುಂಗಿ ನೀರು ಕುಡೀತೈತಿ. ಆವಾಗ ಆ ವೆಬ್‌ಸೈಟ್ ನೋಡ್ಕೊಳ್ಳೋರ ಏಳು ತಲಿಮಾರು ಹಿಡದು ಬೈದಿರ್ತೀರಿ, ಹೌದಿಲ್ಲೋ?

ಆ ಬೈಗುಳದಾಗ ಒಂದು ಪಾಲು ನನ್ನದು. ಮುಟ್ಟೈತ್ರೀ, ಚಲೋತ್ನಾಗ ಮುಟ್ಟೈತಿ.

ನಾನು ಇಪ್ಪತ್ತಾರು ವರ್ಷ ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರಿನ ದಫ್ತರದಾಗ ಕಂಪ್ಯೂಟರ್ ಮುಂದ ಕುಂತಾಕಿ. ಹೋದ ವರ್ಷ ಕುತ್ತಿಗಿ ಕೈ ಕೊಟ್ಟಿತು, ಸ್ವಯಂ ನಿವೃತ್ತಿ ತಗೊಂಡೆ. ಈಗ ಮನ್ಯಾಗ ಕುಂತು ನಿಮಗ ಕಥಿ ಹೇಳ್ಕೋತ ಅದೀನಿ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದ್ರು, ಅದೆಲ್ಲ ಬ್ಯಾಡ. ಶಾಲು ಬೀರುನಾಗ ಅದಾವು, ನೋಡೋರು ಮನಿಗೆ ಬರ್ರಿ. ಯಾವ ದಫ್ತರು, ಯಾವ ಸಾಹೇಬ್ರು ಅಂತನೂ ಕೇಳಬ್ಯಾಡ್ರಿ. ನಮ್ಮ ಕಡೆ ಎಲ್ಲಾರೂ ಎಲ್ಲಾರಿಗೂ ಬೀಗರ ಆಗ್ತಾರ, ನಾಳೆ ಲಗ್ನದಾಗ ಎದುರಿಗೆ ಸಿಗ್ತಾರ. ಈಗೀಗ ಕಂಪ್ಯೂಟರ್ ಕುರ್ಚಿಗೆ ಬರೋ ಹುಡುಗ್ಯಾರು ಫೋನ್ ಮಾಡಿ, “ಅಕ್ಕಾ, ಅಂಗವಿಕಲರಿಗೆ ಅನುಕೂಲ ಆಗೋಹಂಗ ವೆಬ್‌ಸೈಟ್ ಮಾಡ್ರಿ ಅಂತ ಸುತ್ತೋಲೆ ಬಂದೈತಿ, ಏನ್ ಮಾಡ್ಬೇಕು?” ಅಂತ ಕೇಳ್ತಾರ. ಅವರಿಗೆ ಅಂತ ಬರದೀನಿ. ಉಳದೋರು ನಕ್ಕೋತ ಓದ್ರಿ.

ಮೊದಲು ಲಿಂಗಸುಗೂರು. ಅಲ್ಲಿ ನನಗ ಕೆಲಸ ಕಲಿಸಿದವರು ಒಬ್ಬ ಹಳೇ ಗುಮಾಸ್ತರು. ಗುಂಡನ ಸಿಕ್ಕಾ, ಅಂದ್ರ ದಫ್ತರದ ಮುದ್ರಿ, ಬೀಳೋತನ ಅದು ಬರೇ ಹಾಳಿ, ಸಿಕ್ಕಾ ಬಿದ್ದ ಮ್ಯಾಲೇನ ಸರ್ಕಾರಿ ಕಾಗದ ಅಂತ ಅವರ ಲೆಕ್ಕ. ವೆಬ್‌ಸೈಟ್ ಬಂದ್ರೂ ಆ ಲೆಕ್ಕ ಬದಲಾಗಲಿಲ್ಲ. ನೋಟೀಸನ್ನ ಕಂಪ್ಯೂಟರಿನಾಗ ಟೈಪ್ ಮಾಡೋದು, ಪ್ರಿಂಟ್ ತಗಿಯೋದು, ಸಾಹೇಬ್ರ ದಸ್ಕತ್ ಹಾಕ್ಸೋದು, ಸಿಕ್ಕಾ ಹೊಡಿಯೋದು, ಸ್ಕ್ಯಾನ್ ಮಾಡಿ ಅದರ ಫೋಟೋ ತಗೊಂಡು ಮತ್ತ ಕಂಪ್ಯೂಟರಿಗೇ ಹಾಕೋದು. ಬಾವಿ ನೀರು ಸೇದಿ, ಕೊಡಕ್ಕ ಮಾಲಿ ಹಾಕಿ, ಮತ್ತ ಅದ ಬಾವಿಗೆ ಸುರದಂಗ. ಸಿಕ್ಕಾ ಜರಾ ಸೊಟ್ಟ ಬಿದ್ರ ಇನ್ನೊಂದು ಪ್ರಿಂಟ್ ತಗೀತಿದ್ದೆ, ಅಷ್ಟು ಶಿಸ್ತು ನಂದು. ಆ ಫೋಟೋದಾಗಿನ ಅಕ್ಷರ ಕಣ್ಣಿದ್ದವರಿಗೆ ಅಷ್ಟ ಅಕ್ಷರ, ಕುರುಡರಿಗೆ ಓದಿ ಹೇಳೋ ಮಾತಾಡೋ ಫೋನಿಗೆ ಅದು ಬರೇ ಒಂದು ಚಿತ್ರ, ಇದು ನನ್ನ ತಲ್ಯಾಗ ಹೊಳೀಲೇ ಇಲ್ಲ. ವರ್ಷಗಟ್ಟಲೆ ಹಿಂಗ ಸುರದೀನಿ.

ಆಮ್ಯಾಗ ಮಸ್ಕಿ. ಅಲ್ಲಿ ನನ್ನ ಕೈಲೆ ಆದ ಘನಕಾರ್ಯ ಕೇಳ್ರಿ. ಅಂಗವಿಕಲರಿಗೆ ಸಹಾಯವಾಣಿ ಅಂತ ಒಂದು ಪುಟ ಹಾಕ್ರಿ ಅಂತ ಮ್ಯಾಲಿಂದ ಹುಕುಂ ಬಂತು. ನಾ ಹಾಕಿದೆ. ಏನಂತ? ‘ಕಿವಿ ಕೇಳದವರು ನೆರವಿಗಾಗಿ ಈ ನಂಬರಿಗೆ ಫೋನ್ ಮಾಡಬೇಕು.’ ನಾ ಬರದೆ, ಸಾಹೇಬ್ರು ಓದಿದ್ರು, ದಸ್ಕತ್ ಹಾಕಿದ್ರು, ಜವಾನ ಸಿಕ್ಕಾ ಹೊಡದ. ಮೂರು ಮಂದಿ ಕೈ ದಾಟಿ ಹೋತು, ಒಬ್ಬರಿಗೂ ಅನುಮಾನ ಬರಲಿಲ್ಲ ನೋಡ್ರಿ.

ಒಂದು ದಿನ ಮಾನಪ್ಪ ಅನ್ನೋ ದರ್ಜಿ ಬಂದು ನನ್ನ ಟೇಬಲ್ ಮುಂದ ನಿಂತ. ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ, ಬ್ಲೌಸ್ ಹೊಲಿಯಾಕ ಎತ್ತಿದ ಕೈ. ಕಿಸೆದಾಗಿಂದ ಒಂದು ಚೀಟಿ ತಗದು ಕೊಟ್ಟ. ಅದರಾಗ ಬರದಿದ್ದ: ‘ಮುಂಜಾನೆ ನೀವು ಹೇಳಿದಂಗ ಫೋನ್ ಮಾಡೀನಿ. ನೀವು ಏನಂದ್ರಿ ಅಂತ ಕೇಳಾಕ ಬಂದೀನಿ.’

ಮುಂಜಾನೆ ಒಂದು ಫೋನ್ ಬಂದಿದ್ದು ಖರೇ. “ಹಲೋ, ಹಲೋ, ಯಾರು ಮಾತಾಡೋದು? ಬಾಯಾಗ ಏನ್ ಕಡುಬು ಇಟ್ಕೊಂಡೀರೇನು?” ಅಂತ ಒದರಿ ಧಪ್ಪಂತ ಇಟ್ಟಿದ್ದೆ. ಸುಳ್ಳು ಹೇಳಾಕ ಮನಸ್ಸು ಬರಲಿಲ್ಲ. ಚೀಟಿ ಹಿಂದ ಬರದೆ: ‘ಬೈದೆ.’

ಮಾನಪ್ಪ ಅದನ್ನ ಓದಿ ಹೊಟ್ಟಿ ಹಿಡ್ಕೊಂಡು ನಕ್ಕ. ಆಮ್ಯಾಗ ಅದ ಚೀಟಿ ಕಸ್ಕೊಂಡು, ‘ಮೆಸೇಜ್ ಕಳಸೋ ನಂಬರ್ ಹಾಕ್ರಿ, ಆವಾಗ ಬೈದ್ರ ನನಗೂ ಗೊತ್ತಾಗ್ತೈತಿ’ ಅಂತ ಬರದ. ಸಂಜಿಕಡೆ ಹಾಕಿದೆ. ಇಷ್ಟು ಸರಳ ಇತ್ತು. ಒಂದು ಸಲ ಅಂವನ್ನ ಕೇಳಿದ್ರ ಮುಗೀತಿತ್ತು.

ಇದರಿಂದ ನಾ ಶಾಣ್ಯಾಕಿ ಆದೆ ಅಂತ ತಿಳ್ಕೊಂಡ್ರಿ? ಇಲ್ರೀ. ಸಿಂಧನೂರಿಗೆ ಬಂದೆ, ಇನ್ನೂ ದೊಡ್ಡ ಹಳ್ಳಕ್ಕ ಬಿದ್ದೆ.

ಸಿಂಧನೂರಿನಾಗ ನಮ್ಮ ಸಾಹೇಬ್ರು ಕಲಬುರಗಿ ಕಡೇರು. ಮನಸ್ಸು ಬೆಣ್ಣಿ, ಹಠ ಮಾತ್ರ ಗಿರಣಿ ಕಲ್ಲು. ವೆಬ್‌ಸೈಟ್ ಅಂದ್ರ ಅವರಿಗೆ ಮನಿ ಮುಂದಿನ ತೋರಣ ಇದ್ದಂಗ. ಮ್ಯಾಲೆ ಕೆಂಪನ ಅಕ್ಷರ ಓಡಬೇಕು, ಅದರ ಬಾಜೂಕ ‘ಹೊಸದು’ ಅಂತ ಮಿಣಿಮಿಣಿ ಮಿಂಚಬೇಕು, ಕೆಳಗ ಎಲ್ಲಾ ಗಣ್ಯರ ಫೋಟೋ ಸಾಲಾಗಿ ತಿರುಗಬೇಕು.

“ಏನಮ್ಮಾ, ಅಕ್ಷರ ಓಡ್ಲಿಕ್ಕಿಲ್ಲ ಅಂದ್ರ ದಫ್ತರು ಸತ್ತಂಗ ಕಾಣ್ತದ,” ಅಂತಿದ್ರು.

ಒಂದಿನ ಸುತ್ತೋಲೆ ಬಂತು. ನಿಮ್ಮ ವೆಬ್‌ಸೈಟ್ ಅಂಗವಿಕಲರು ಬಳಸೋಹಂಗ ಐತೋ ಇಲ್ಲೋ, ಉದ್ದನ ಪಟ್ಟಿ, ಒಂದೊಂದಕ್ಕೂ ‘ಹೌದು’ ಇಲ್ಲಾ ‘ಇಲ್ಲ’ ಅಂತ ಗುರುತು ಹಾಕಿ ಸಂಜಿಯೊಳಗ ವರದಿ ಕಳಸ್ರಿ ಅಂತ. ನನಗ ಅದರಾಗ ಅರ್ಧ ತಿಳೀಲಿಲ್ಲ. ಸಾಹೇಬ್ರನ್ನ ಕೇಳಿದೆ.

“ಅಕ್ಷರ ದೊಡ್ಡದು ಮಾಡೋ ಬಟನ್ ಅದ ಇಲ್ಲೋ? ಗಾಲಿಕುರ್ಚಿ ಚಿತ್ರ ಹಾಕೀವಿ ಇಲ್ಲೋ? ಮತ್ತ್ಯಾಕ ವಿಚಾರ? ಎಲ್ಲಾಕ್ಕೂ ಹೌದು ಹೊಡಿ. ಯಾರು ಓದ್ತಾರಮ್ಮಾ ಇದನ್ನ?”

ಹೊಡದೆ. ಮ್ಯಾಲಿಂದ ಕೆಳಗಿನತನ ಹೌದು, ಹೌದು, ಹೌದು. ಲಗ್ನದ ಮನ್ಯಾಗ ಹೆಣ್ಣಿನ ಕಡೇರು ತಲಿ ಅಲ್ಲಾಡಿಸಿದಂಗ. ಪ್ರಿಂಟ್, ದಸ್ಕತ್, ಸಿಕ್ಕಾ, ಸ್ಕ್ಯಾನ್. ವೆಬ್‌ಸೈಟಿಗೂ ಏರಿಸಿದೆ.

ಮೂರನೇ ದಿನಕ್ಕ ಫೋನ್ ಬಂತು.

“ನಮಸ್ಕಾರ್ರೀ ಮೇಡಂ. ನಾನು ರೇಣುಕಾ, ಸಾಲಗುಂದಿಂದ. ನನಗ ಕಣ್ಣು ಕಾಣಂಗಿಲ್ರಿ. ನಿಮ್ಮ ವೆಬ್‌ಸೈಟ್ ಕುರುಡರಿಗೆ ಪಕ್ಕಾ ಅನುಕೂಲ ಐತಿ ಅಂತ ವರದಿ ಹಾಕೀರಂತ?”

“ಹೌದಮ್ಮಾ, ಹಾಕೀವಿ.”

“ಅದರಾಗ ಏನ್ ಬರದೀರಿ ರೀ? ನನ್ನ ಫೋನು ಬರೇ ‘ಚಿತ್ರ’ ಅಂತ ಹೇಳಿ ಸುಮ್ಮನಾಗಾಕತ್ತೈತಿ.”

ಕುರುಡರು ಓದಬಹುದು ಅನ್ನೋ ವರದೀನ ಕುರುಡರು ಓದಾಕ ಬರಂಗಿಲ್ಲ! “ನಾಳೆ ದಫ್ತರಕ್ಕ ಬಾರಮ್ಮಾ,” ಅಂದೆ. ಬರಲಿಕ್ಕಿಲ್ಲ ಅಂತ ಒಳಗ ಸಣ್ಣ ಆಸೆ ಇತ್ತು, ಮುಚ್ಚಿಡಂಗಿಲ್ಲ.

ಮರುದಿನ ಬಾಗಿಲಾ ತೆಗಿಯೂದರಾಗ ಬಂದು ಕುಂತಿದ್ಲು. ಮೂವತ್ತರ ಆಸುಪಾಸು, ಸೀರಿ ತುಂಬ ಹಿಟ್ಟಿನ ವಾಸನಿ. ಅವರಣ್ಣನ ಗಿರಣಿ ನಡಸಾಕಿ ಆಕಿನ. ಹಿಟ್ಟು ಎರಡು ಬಳ್ಳಿನಾಗ ತಿಕ್ಕಿ ನೋಡಿ ಇದು ರೊಟ್ಟಿಗೆ ಆಗ್ತೈತಿ, ಇದು ಅಂಬಲಿಗೆ ಅಷ್ಟ ಸೈ ಅಂತಾಳ. ಕಲ್ಲಿನ ಸಪ್ಪಳ ಕೇಳಿ ಜ್ವಾಳದಾಗ ಕಲ್ಲು-ಹಳ್ಳು ಬಂತು ಅಂತ ಮೋಟರ್ ಬಂದ್ ಮಾಡ್ತಾಳ. ಗಿರಣಿ ಬೋರ್ಡಿನ ಮ್ಯಾಲೆ ಮಾತ್ರ ಅಣ್ಣನ ಹೆಸರು.

ಸಿಂಧನೂರಿನಾಗ ಹೊಸಾ ಮಳಿಗಿ ಕಟ್ಟಿದ್ರಲ್ಲ, ಅದರಾಗ ಅಂಗವಿಕಲರಿಗೆ ಅಂತ ಎರಡು ಮೀಸಲಿದ್ದವು. ಆಕಿಗೆ ಅದರಾಗ ಒಂದು ಬೇಕು. ಸ್ವಂತ ಗಿರಣಿ, ಸ್ವಂತ ಬೋರ್ಡು. ಹಿಂದಿನ ಸಲ ಹಿಂಗ ಬ್ಯಾರೆ ಮಳಿಗಿ ಹಂಚಿದಾಗ ಊರಾಗಿನ ಆನ್‌ಲೈನ್ ಸೆಂಟರಿನಂವನ ಕೈಲೆ ಅರ್ಜಿ ಹಾಕಿಸಿದ್ಲು. ಅಂವ ಮೊಬೈಲ್ ನಂಬರ್ ಅನ್ನೋ ಕಡೆ ತನ್ನ ನಂಬರ್ ಹಾಕಿಬಿಟ್ಟಿದ್ದ. ಚೀಟಿ ಎತ್ತಿದ್ರು, ಆಕಿ ಕಾಯೋರ ಪಟ್ಟಿಯೊಳಗ ಬಂದ್ಲು. ಮಳಿಗಿ ಸಿಕ್ಕಂವ ಬರಲಿಲ್ಲ, ‘ಮೂರು ದಿನದಾಗ ಕಾಗದ ತಗೊಂಡು ಬರ್ರಿ’ ಅಂತ ಮೆಸೇಜ್ ಹೋತು. ಯಾರ ಫೋನಿಗೆ? ಸೆಂಟರಿನಂವಗ.

“ತಿಂಗಳ ಮ್ಯಾಲೆ ಅಂವ ಜ್ವಾಳ ಬೀಸಾಕ ಬಂದಿದ್ದ ರೀ ಮೇಡಂ,” ಅಂದ್ಲು ರೇಣುಕಾ. “ಹಿಟ್ಟು ಡಬ್ಬಿಗೆ ತುಂಬ್ಕೋತ, ‘ಅಯ್ಯ, ನಿನಗೊಂದು ಮೆಸೇಜ್ ಬಂದಿತ್ತಲ್ಲಬೇ’ ಅಂದ. ಅಂವಗೇನು, ಸಂತಿ ಸುದ್ದಿ ಹೇಳಿದಂಗ ಹೇಳಿದ. ಅವತ್ತ ಅಂದ್ಕೊಂಡೆ, ಇನ್ನ ಮ್ಯಾಲೆ ನನ್ನ ಅರ್ಜಿ ನಾನ ತುಂಬ್ತೀನಿ. ಎಷ್ಟು ಹೊತ್ತಾದ್ರೂ ನಾನ.”

ಅರ್ಜಿ ಹಾಕಾಕ ಇನ್ನ ಇಪ್ಪತ್ತು ದಿನ ಇತ್ತು.

ಆಕಿ ಫೋನ್ ತಗದು ಟೇಬಲ್ ಮ್ಯಾಲೆ ಇಟ್ಲು. ಬಳ್ಳು ಸರಿಸಿದಂಗೆಲ್ಲ ಫೋನು ಪಟಪಟ ಮಾತಾಡ್ತೈತಿ. ನಮ್ಮ ಜವಾನ ಖಾಜಾಸಾಬ ಚಾ ತಂದಂವ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ನಾ ಕಣ್ಣಿಲೆ ನೋಡಿದ ವೆಬ್‌ಸೈಟನ್ನ ಅವತ್ತು ಮೊದಲ ಸಲ ಕಿವಿಲೆ ಕೇಳಿದೆ. ಏನಂತೈತಿ ಅದು? ‘ಚಿತ್ರ. ಚಿತ್ರ. ಬಟನ್. ಬಟನ್. ಚಿತ್ರ ನಲವತ್ತೇಳು. ಲಿಂಕ್. ಇಲ್ಲಿ ಒತ್ತಿರಿ. ಇಲ್ಲಿ ಒತ್ತಿರಿ. ಇಲ್ಲಿ ಒತ್ತಿರಿ.’

“ಯಾ ಅಲ್ಲಾ,” ಅಂದ ಖಾಜಾಸಾಬ, “ಎಲ್ಲೆಲ್ಲಿ ಅಂತ ಒತ್ತಬೇಕ್ರೀ ಮೇಡಂ, ಬೆನ್ನು ಒತ್ತಿಸ್ಕೊಂಡಂಗ ಮಾಡಾಕತ್ತೈತಲ್ಲ!”

ರೇಣುಕಾ ನಕ್ಕಳು. ನನಗ ನಗು ಬರಲಿಲ್ಲ.

ಸರಿ, ರಿಪೇರಿ ಶುರು ಮಾಡಿದೆ. ಫೋಟೋಗಳಿಗೆ ಹೆಸರು ಕೊಟ್ರ ಫೋನು ಓದ್ತೈತಿ ಅಂತ ರೇಣುಕಾನ ಹೇಳಿಕೊಟ್ಲು. ಸೈಟಿನ ಮ್ಯಾಲೆ ಗಣ್ಯರ ಫೋಟೋ ಇಪ್ಪತ್ಮೂರು ಇದ್ದವು. ನಾ ಬರೇ ಹೆಸರು ಹಾಕ್ತೀನಿ ಅಂದ್ರ ಸಾಹೇಬ್ರು ಕೇಳ್ತಾರ?

“ಬರೇ ಹೆಸರು ಹಾಕಿದ್ರ ಅವಮಾನ ಆಗ್ತದಮ್ಮಾ. ಆಮಂತ್ರಣ ಪತ್ರಿಕಿಯೊಳಗ ಹೆಂಗ ಹಾಕ್ತೀವಿ, ಹಂಗ ಹಾಕು. ಸನ್ಮಾನ್ಯ, ಶ್ರೀಯುತ, ಪದವಿ, ಗೌರವ ಉಪಸ್ಥಿತಿ. ಸಾಲು ತಪ್ಪಬಾರದು. ಯಾರ ಹೆಸರು ಯಾರ ಹಿಂದ ಬಂತು ಅಂತ ನಾಳೆ ಜಗಳ ಬೇಡ.”

ಎರಡು ದಿನ ಕುಂತು ಇಪ್ಪತ್ಮೂರು ಮಂದೀನೂ ಸನ್ಮಾನ್ಯರನ್ನ ಮಾಡಿದೆ. ಹೆಮ್ಮಿಲೆ ರೇಣುಕಾಗ ಫೋನ್ ಮಾಡಿದೆ. “ಈಗ ನೋಡಮ್ಮಾ, ಎಲ್ಲಾ ಓದ್ತೈತಿ.”

ಅರ್ಧ ತಾಸು ಬಿಟ್ಟು ಆಕಿ ಫೋನ್ ಬಂತು. ಹಿಂದ ಗಿರಣಿ ಗರ್ ಅನ್ನಾಕತ್ತಿತ್ತು.

“ಮೇಡಂರೀ, ನಾ ಅರ್ಜಿ ಹಾಕಾಕ ಬಂದೀನೋ, ಸನ್ಮಾನ ಸಮಾರಂಭಕ್ಕ ಬಂದೀನೋ?”

“ಯಾಕಮ್ಮಾ?”

“ಮೊದಲ ‘ಚಿತ್ರ’ ಅಂತ ಒಂದ ಮಾತಿನಾಗ ಮುಗಸ್ತಿತ್ತು. ಈಗ ಒಬ್ಬೊಬ್ಬರಿಗೂ ಭಾಷಣ ಮಾಡಾಕತ್ತೈತಿ. ಹದಿನೈದನೇ ಸನ್ಮಾನ್ಯರ ಹತ್ರ ಹೋಗೂದರಾಗ ಫೋಟೋ ತಾನ ತಿರುಗಿ ಮತ್ತ ಒಂದನೇ ಸನ್ಮಾನ್ಯರ ಮುಂದ ತಂದು ನಿಲ್ಲಸ್ತೈತಿ. ಅರ್ಧ ತಾಸಿನಾಗ ಅಧ್ಯಕ್ಷರನ್ನ ಎಂಟು ಸಲ ಸ್ವಾಗತ ಮಾಡೀನಿ ರೀ. ಹಾರ ಒಂದ ಕಮ್ಮಿ.”

ಮಾತಾಡೋ ಫೋನಿನಾಗ ಒಂದು ಹೆಡಿಂಗಿನಿಂದ ಇನ್ನೊಂದಕ್ಕ ಹಾರಿ ಫೋಟೋ ದಾಟಬಹುದಂತ, ಆದ್ರ ನಮ್ಮ ಪುಟದಾಗ ಹೆಡಿಂಗೇ ಇಲ್ಲ. ಸಾಹೇಬ್ರಿಗೆ ಹೋಗಿ ಹೇಳಿದೆ, ಫೋಟೋ ಸಾಲು ತಗೀಬೇಕು ಇಲ್ಲಾ ಪುಟದ ತಳಕ್ಕ, ಎಲ್ಲಾದಕ್ಕಿಂತ ಕೆಳಗ ಇಡಬೇಕು ಅಂತ. ಕುರ್ಚಿ ಮ್ಯಾಲೆ ಇದ್ದಲ್ಲೇ ಹೌಹಾರಿದ್ರು.

“ಗಣ್ಯರನ್ನ ಕೆಳಗ ಇಡಬೇಕಾ? ನೀ ನಿವೃತ್ತಿ ತಗೋತಿ, ನಾ ಎಲ್ಲಿ ಹೋಗ್ಲಿ? ಒಬ್ಬ ಹೆಣ್ಣಮಗಳ ಸಲುವಾಗಿ ಇಡೀ ವೆಬ್‌ಸೈಟ್ ಉಲ್ಟಾ ಮಾಡ್ಲಿಕ್ಕೆ ಬರ್ತದೇನಮ್ಮಾ?”

ಅಷ್ಟರಾಗ ರೇಣುಕಾ ಮತ್ತ ದಫ್ತರಕ್ಕ ಬಂದ್ಲು. ಸಾಹೇಬ್ರ ಮುಂದ ನಿಂತು, “ಸಾಹೇಬ್ರ, ಜಗಳ ಬ್ಯಾಡ. ಒಂದು ಆಟ ಆಡೋಣ್ರಿ. ನಿಮ್ಮ ಫೋನ್ ಕೊಡ್ರಿ,” ಅಂದ್ಲು. ಖಾಜಾಸಾಬನ ಕಡಿಂದ ಅದರಾಗ ಮಾತಾಡೋ ವ್ಯವಸ್ಥಾ ಚಾಲೂ ಮಾಡಿಸಿದ್ಲು, ಪರದೆ ಪೂರಾ ಕಪ್ಪು ಮಾಡಿಸಿದ್ಲು. “ನಿಮ್ಮ ಫೋಟೋ ಸಾಲಿನಾಗ ಕಡೀದು ಅಂತ ಕೇಳೀನಿ. ನಿಮ್ಮ ಹೆಸರು ನೀವ ಹುಡುಕಿ ಕೊಡ್ರಿ. ಸಿಕ್ರ ನಾ ಬಾಯಿ ಮುಚ್ಕೊಂಡು ಊರಿಗೆ ಹೋಗ್ತೀನಿ.”

ಸಾಹೇಬ್ರಿಗೆ ಹಠ ಬಂತು. ಚಷ್ಮಾ ಏರಿಸಿದ್ರು. ಕಪ್ಪು ಪರದೆಗೆ ಚಷ್ಮಾ ಯಾಕೋ ದೇವರಿಗೇ ಗೊತ್ತು. ಬಳ್ಳು ಸರಿಸಾಕ ಶುರು. ‘ಸನ್ಮಾನ್ಯ ಶ್ರೀ...’ ಸರಿಸಿದ್ರು. ‘ಸನ್ಮಾನ್ಯ ಶ್ರೀ...’ ಹತ್ತು ದಾಟಿದ್ರು, ಹನ್ನೆರಡು, ಹದಿನಾಲ್ಕು. ಫೋಟೋ ತಿರುಗಿತು. ಮತ್ತ ಒಂದನೇ ಸನ್ಮಾನ್ಯರು. ನಾಲ್ಕು ಸಲ ಹಿಂಗಾತು. ಐದನೇ ಸಲ ಹತ್ತೊಂಬತ್ತಕ್ಕ ಬಂದಿದ್ರು, ದಫ್ತರದ ಮಂದಿಯೆಲ್ಲ ಸುತ್ತ ನೆರದೀವಿ, ಖಾಜಾಸಾಬ “ಇನ್ನ ನಾಕ ಸಾಬ್, ಇನ್ನ ನಾಕ!” ಅಂತ ಕುಸ್ತಿ ಕಣದಾಗಿನಂಗ ಒದರಾಕತ್ತಾನ. ತಿರುಗಿತು. ಒಂದನೇ ಸನ್ಮಾನ್ಯರು.

“ತಗೀರಿ ಇವನ್ನೆಲ್ಲ!” ಅಂತ ಸಾಹೇಬ್ರು ಟೇಬಲ್ ಗುದ್ದಿದ್ರು. “ನನ್ನ ದಫ್ತರದಾಗ ನಾನ ಸಿಗವಲ್ಲೆ!”

ಇಷ್ಟಕ್ಕ ಮುಗೀಲಿಲ್ಲ. ಆ ಮಾತಾಡೋದನ್ನ ಬಂದ್ ಮಾಡೋದು ಅವರಿಗೆ ಬರಲಿಲ್ಲ, ನಮಗೂ ಬರಲಿಲ್ಲ. ರೇಣುಕಾ ಆಗಲೇ ಬಸ್ ಹತ್ತಿದ್ಲು. ಮಧ್ಯಾಹ್ನ ಮೀಟಿಂಗಿನಾಗ, ದೊಡ್ಡ ಅಧಿಕಾರಿಗಳು ಸ್ವಚ್ಛತಾ ವಿಷಯ ಮಾತಾಡಾಕತ್ತಾರ, ಸಾಹೇಬ್ರ ಕಿಸೆದಾಗಿಂದ ಜೋರಾಗಿ ಬಂತು: ‘ಹೊಸ ಸಂದೇಶ. ಮನೆಯವರು. ಬರುವಾಗ ಕೊತ್ತಂಬರಿ ತರ್ರಿ, ನಿನ್ನಿನಂಗ ಕೊಳತದ್ದು ತರಬ್ಯಾಡ್ರಿ.’ ಸಭಾ ಮುಗದ ಮ್ಯಾಲೆ ನನ್ನ ಟೇಬಲ್ಲಿಗೆ ಓಡಿ ಬಂದ್ರು. “ಆ ರೇಣುಕಾನ ನಂಬರ್ ಹಚ್ಚಮ್ಮಾ, ಗಡಾನ!” ರೇಣುಕಾ ಗಿರಣಿಯೊಳಗ ನಿಂತು, ಎರಡು ಬಳ್ಳು ಇಲ್ಲಿಡ್ರಿ, ಅಲ್ಲಿ ಎರಡು ಸಲ ಬಡೀರಿ ಅಂತ ಫೋನಿನಾಗ ಹೇಳಿಕೊಟ್ಲು, ಸಾಹೇಬ್ರು ಶಾಲಿ ಹುಡುಗನಂಗ “ಹೂಂ ರೀ, ಹೂಂ ರೀ” ಅನ್ಕೋತ ಮಾಡಿದ್ರು. ಅವತ್ತಿಂದ ಅವರ ಬಾಯಾಗ ‘ಒಬ್ಬ ಹೆಣ್ಣಮಗಳು’ ಅನ್ನೋದು ಹೋಗಿ ‘ರೇಣುಕಾ ಅವರು’ ಬಂತು.

ಆಮ್ಯಾಗ ಕೆಲಸ ಓಡಿತು. ಓಡೋ ಅಕ್ಷರ ನಿಂತವು. ಫೋಟೋಗಳು ಬ್ಯಾರೆ ಪುಟಕ್ಕ ಹೋದವು. ಆ ಸೊಟ್ಟಂಪಟ್ಟ ಅಕ್ಷರದ ಡಬ್ಬಿ ತಗದು ಫೋನಿಗೆ ನಂಬರ್ ಬರೋಹಂಗ ಮಾಡ್ರಿ, ಹತ್ತು ನಿಮಿಷದ ಗಡುವು ಜಾಸ್ತಿ ಮಾಡ್ರಿ ಅಂತ ವೆಬ್‌ಸೈಟ್ ನೋಡ್ಕೊಳ್ಳೋ ಕಂಪನಿಗೆ ಬರೀಬೇಕಾಗಿತ್ತು. ಅಲ್ಲಿ ಒಬ್ಬ ಇಂಜಿನಿಯರ್, ಏನ್ ಹೇಳಿದ್ರೂ “ಪತ್ರ ಕಳಸ್ರಿ ಮೇಡಂ” ಅಂತಿದ್ದ. ಸಾಹೇಬ್ರು ಪತ್ರಕ್ಕ ಒಂದಲ್ಲ, ಮೂರು ಸಿಕ್ಕಾ ಹೊಡದ್ರು. “ಅಂವಗ ಹೆದರಿಕಿ ಬರ್ಲಿ.” ಬಂತೋ ಏನೋ, ವಾರದಾಗ ಮಾಡಿಕೊಟ್ಟ.

ಕಡೀ ದಿನ ಬಂತು. ಸಂಜಿ ಐದೂವರಿಗೆ ಅರ್ಜಿ ಬಂದ್. ರೇಣುಕಾ ಯಾಕ ಕಡೀ ದಿನದತನ ಕುಂತ್ಲು ಅಂತೀರೇನು? ಆ ಸೊಟ್ಟಂಪಟ್ಟ ಅಕ್ಷರದ ಡಬ್ಬಿ ಹೋಗಿದ್ದು ಅದರ ಹಿಂದಿನ ದಿನ ಅಷ್ಟ. ನಾಲ್ಕೂ ನಲವತ್ತಕ್ಕ ಆಕಿ ಫೋನ್ ಬಂತು. ಇನ್ನೊಂದು ಫೋನಿನಾಗ ಅರ್ಜಿ ತುಂಬಾಕತ್ತಾಳ. ಹೆಸರು, ಊರು, ಪ್ರಮಾಣಪತ್ರ, ತನ್ನ ಸ್ವಂತ ಮೊಬೈಲ್ ನಂಬರ್, ಎಲ್ಲಾ ಆಗೈತಿ.

“ಮೇಡಂ, ಕೆಳಗ ಎರಡು ಬಟನ್ ಅದಾವ್ರಿ. ಎರಡಕ್ಕೂ ಬರೇ ‘ಬಟನ್’ ಅಂತೈತಿ. ಯಾವುದು ಒತ್ಲಿ?”

ನಾ ನನ್ನ ಕಂಪ್ಯೂಟರಿನಾಗ ನೋಡಿದೆ. ಮೊದಲ ‘ಸಲ್ಲಿಸು’, ಅದರ ಬಾಜೂಕ ‘ಅಳಿಸು’. ದೊಡ್ಡ ಪಂಡಿತಳಂಗ ಹೇಳಿದೆ: “ಮೊದಲನೇದು ಒತ್ತಮ್ಮಾ.”

ಒತ್ತಿದ್ಲು.

“ಮೇಡಂ... ನನ್ನ ಹೆಸರಿನ ಜಾಗಾ ಖಾಲಿ ಅಂತೈತಿ. ಊರೂ ಖಾಲಿ. ಎಲ್ಲಾ ಖಾಲಿ.”

ಕಂಪ್ಯೂಟರಿನಾಗ ಬಾಜೂ ಬಾಜೂ ಇದ್ದ ಬಟನ್ನು ಮೊಬೈಲಿನಾಗ ಹಿಂದ ಮುಂದ ಆಗ್ತಾವು. ಮೊಬೈಲಿನಾಗ ಮೊದಲನೇದು ‘ಅಳಿಸು’. ಅಲ್ಲೀತನದ ಸರ್ವೀಸಿನಾಗ ನಾ ಒಮ್ಮೆನೂ ನಮ್ಮ ಅರ್ಜೀನ ಮೊಬೈಲಿನಾಗ ತಗದು ನೋಡಿದ್ದಿಲ್ಲ. ಮಂದಿಯೆಲ್ಲ ಮೊಬೈಲಿನಾಗ ತುಂಬ್ತಾರ, ನಾ ಕಂಪ್ಯೂಟರಿನಾಗ ನೋಡಿ ‘ಹೌದು’ ಹೊಡದೀನಿ. ಟೈಮ್ ನಾಲ್ಕೂ ಮುಕ್ಕಾಲು.

“ರೇಣುಕಾ, ಇಲ್ಕೇಳು. ಇಲ್ಲಿಂದ ನಾನ ತುಂಬಿಬಿಡ್ತೀನಿ. ನಿನ್ನ ನಂಬರ್ ಹಾಕ್ತೀನಿ, ಆಣಿ ಮಾಡಿ ಹೇಳ್ತೀನಿ. ಐದು ನಿಮಿಷದ ಕೆಲಸ.”

“ಬ್ಯಾಡ್ರಿ.”

“ಹಠ ಮಾಡಬ್ಯಾಡವ್ವಾ, ಮಳಿಗಿ ಹೋಗ್ತೈತಿ!”

“ಮೇಡಂರೀ, ನೀವು ಒಳ್ಳೇರು, ನನ್ನ ನಂಬರ್ರೇ ಹಾಕ್ತೀರಿ. ಮುಂದಿನ ಸಲ ನಿಮ್ಮ ಕುರ್ಚಿ ಮ್ಯಾಲೆ ಬ್ಯಾರೇದೋರು ಇರ್ತಾರ. ಆವಾಗ ನಾ ಯಾರನ್ನ ಹುಡಕ್ಲಿ? ಆ ಬಟನ್ನಿಗೆ ಹೆಸರು ಹಾಕ್ಸಿ ಕೊಡ್ರಿ. ತುಂಬೋದು ನಾ ತುಂಬ್ತೀನಿ.”

ಫೋನ್ ಇಟ್ಲು. ಬೈಬೇಕೋ ಅಳಬೇಕೋ ತಿಳೀಲಿಲ್ಲ. ಇಂಜಿನಿಯರಗ ಫೋನ್ ಹಚ್ಚಿದೆ. “ಪತ್ರ ಕಳ...” ಅನ್ನೂದರಾಗ ಸಾಹೇಬ್ರು ನನ್ನ ಕೈಯಾಗಿನ ಫೋನ್ ಕಸ್ಕೊಂಡ್ರು. “ಏ ತಮ್ಮಾ, ಎರಡು ಶಬ್ದ. ಒಂದಕ್ಕ ಸಲ್ಲಿಸು, ಇನ್ನೊಂದಕ್ಕ ಅಳಿಸು. ಎರಡು ಶಬ್ದಕ್ಕ ಪತ್ರ ಕೇಳಿದ್ರ ನಾನ ಬಸ್ ಹತ್ತಿ ಬರ್ತೀನಿ, ಸಿಕ್ಕಾ ಕೈಯಾಗ ಹಿಡ್ಕೊಂಡು!” ಹತ್ತು ನಿಮಿಷದಾಗ ಆತು. ಎರಡು ಶಬ್ದ ರೀ. ವರದಿಯೊಳಗ ಅದಕ್ಕೂ ನಾ ‘ಹೌದು’ ಹೊಡದಿದ್ದೆ.

ಐದು ಗಂಟೆ. ಐದೂ ಕಾಲು. ಖಾಜಾಸಾಬ ಬಾಗಿಲಾ ಹಾಕಾಕ ಬಂದಂವ ಕೀಲಿ ಹಿಡ್ಕೊಂಡು ಸ್ಟೂಲಿನ ಮ್ಯಾಲೆ ಕುಂತ. ಸಾಹೇಬ್ರು ಮನಿಗೆ ಹೋಗ್ತೀನಿ ಅಂತ ಎದ್ದು, ಹೋಗದ ಓಡಾಡಾಕತ್ತಾರ. ಐದೂ ಇಪ್ಪತ್ತೆರಡಕ್ಕ ನನ್ನ ಫೋನ್ ಬಡೀತು.

ರೇಣುಕಾನ. ಇನ್ನೊಂದು ಫೋನನ್ನ ಈ ಫೋನಿನ ಬಾಯಿಗೆ ಹಿಡದಿದ್ಲು. ಗಿರಣಿ ಬಂದ್ ಇತ್ತು, ಸಾಫ್ ಕೇಳಿಸ್ತು: ‘ಸಲ್ಲಿಸು. ಬಟನ್.’ ಆಮ್ಯಾಗ ಟಕ್ ಟಕ್ ಅಂತ ಎರಡು ಸಲ ಬಳ್ಳಿನ ಸಪ್ಪಳ. ‘ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ.’

ಖಾಜಾಸಾಬ ಸ್ಟೂಲಿನ ಮ್ಯಾಗಿಂದ ಎದ್ದು ಮೂರು ಪ್ಲೇಟ್ ಮಂಡಾಳ ಒಗ್ಗರಣಿ, ಮಿರ್ಚಿ ತರಾಕ ಹೋದ. ಯಾರೂ ಹೇಳಿದ್ದಿಲ್ಲ.

ನಾ ಆ ವಾರ ವರದೀನ ಮತ್ತ ಹೊಸದಾಗಿ ಬರದೆ. ಅರ್ಧಕ್ಕರ್ಧ ‘ಇಲ್ಲ’. ಸಾಹೇಬ್ರು ಮಾರಿ ಸಣ್ಣದು ಮಾಡಿ ದಸ್ಕತ್ ಹಾಕಿದ್ರು. ಈ ಸಲ ಫೋಟೋ ಅಲ್ಲ, ಅಕ್ಷರಾನ ಏರಿಸಿದೆ. ರೇಣುಕಾ ಫೋನ್ ಮಾಡಿದ್ಲು. “ಪೂರಾ ಓದಿದೆ ರೀ ಮೇಡಂ. ಚಲೋ ಐತಿ. ಎಂಟನೇದರಾಗ ಇನ್ನೂ ಸುಳ್ಳು ಐತಿ.” ತಿದ್ದಿದೆ.

ಮಳಿಗಿ ಏನಾತು ಅಂತೀರಲ್ಲ? ಚೀಟಿ ಎತ್ತಿದ್ರು. ಆಕಿ ಹೆಸರು ಬರಲಿಲ್ಲ. ಈ ಸಲನೂ ಕಾಯೋರ ಪಟ್ಟಿಯೊಳಗ ಒಂದನೇದು. ನನಗ ಆಕಿಗೆ ಫೋನ್ ಮಾಡಾಕೂ ಧೈರ್ಯ ಬರಲಿಲ್ಲ. ಎರಡು ವಾರ ಆದ ಮ್ಯಾಲೆ ಮಳಿಗಿ ಸಿಕ್ಕವರೊಬ್ಬರು ಕಾಗದ ತರಲಿಲ್ಲ, ರೇಣುಕಾನ ಫೋನಿಗೆ ಮೂರು ದಿನದ ಮೆಸೇಜ್ ಹೊಂಟಿತು. ಮರುದಿನ ಮುಂಜಾನೆ ನಾ ದಫ್ತರಕ್ಕ ಬರೂದರಾಗ ರೇಣುಕಾ ಬಾಗಿಲಾದಾಗ ಕುಂತಿದ್ಲು, ತೊಡಿ ಮ್ಯಾಲೆ ಕಾಗದದ ಚೀಲ. ಜೋಡಿಗೆ ಅಣ್ಣ.

“ಸ್ವಂತ ಅಣ್ಣ ನನಗ ನಿನ್ನಿ ಲಗೂನ ಹೇಳೇ ಇಲ್ರೀ ಈಕಿ,” ಅಂದ ಅಂವ, ಅರ್ಧ ಸಿಟ್ಟು ಅರ್ಧ ನಗು. “ಮಧ್ಯಾಹ್ನಕ್ಕ ಮೆಸೇಜ್ ಬಂದೈತಿ, ರಾತ್ರಿ ಉಣ್ಣೋ ಹೊತ್ತಿನ್ಯಾಗ ಹೇಳ್ತಾಳ.”

“ಯಾಕವ್ವಾ?” ಅಂದೆ.

ರೇಣುಕಾ ಜರಾ ನಾಚಿದ್ಲು. “ಏನಿಲ್ರೀ ಮೇಡಂ. ಹುಟ್ಟಿದಾಗಿಂದ ನನಗ ಬಂದ ಕಾಗದ ಎಲ್ಲಾ ಮೊದಲು ಬ್ಯಾರೇದೋರು ಓದ್ಯಾರ. ಅಪ್ಪ, ಅಣ್ಣ, ಮಾಸ್ತರು, ಸೆಂಟರಿನಂವ. ನನ್ನ ಸುದ್ದಿ ಊರಿಗೆಲ್ಲ ಗೊತ್ತಾಗಿ ಕಡೀಕ ನನ್ನಂತೇಕ ಬರ್ತಿತ್ತು. ಇದ ಮೊದಲ ಸಲ ನನಗ ಮೊದಲು ಗೊತ್ತಾಗಿತ್ತು ನೋಡ್ರಿ. ಅದಕ್ಕ... ಒಂದು ಐದಾರು ತಾಸು ಇಟ್ಕೊಂಡಿದ್ದೆ.”

ನಾ ಕಾಗದ ತಗೊಂಡೆ. ಸಾಹೇಬ್ರು ಹಂಚಿಕಿ ಪತ್ರಕ್ಕ ಗುಂಡನ ಸಿಕ್ಕಾ ಹೊಡದ್ರು, ಒಂದ ಸಲ, ನೆಟ್ಟಗ.

ಈಗ ಆ ಮಳಿಗಿ ಮುಂದ ಬೋರ್ಡ್ ಐತಿ, ಅದರ ಮ್ಯಾಲೆ ಆಕಿ ಹೆಸರು ಐತಿ. ನಾ ಅಲ್ಲೇ ಜ್ವಾಳ ಬೀಸಸ್ತೀನಿ. ಹೋದಾಗೊಮ್ಮೆ, “ಮೇಡಂ, ಜ್ವಾಳದಾಗ ಹಳ್ಳು ಅದಾವು, ಹಸನ ಮಾಡಿದ್ರೋ ಇಲ್ಲಾ ನೋಡದ ‘ಹೌದು’ ಹೊಡದ್ರೋ?” ಅಂತ ಮಂದಿ ಮುಂದ ಮರ್ಯಾದಿ ಕಳೀತಾಳ. ಸಾಹೇಬ್ರು ಊರು ಬಿಟ್ಟು ಹೋಗ್ಯಾರ, ಆದ್ರ ಯಾವ ಹೊಸಾ ವೆಬ್‌ಸೈಟ್ ತಂದು ತೋರಿಸಿದ್ರೂ ಮೊದಲು ಪರದೆ ಕಪ್ಪು ಮಾಡ್ರಿ ಅಂತಾರಂತ.

ಹೊಸದಾಗಿ ಕುರ್ಚಿಗೆ ಬಂದೋರಿಗೆ ನಾ ಹೇಳೋದು ಇಷ್ಟ: ಸುತ್ತೋಲೆ ಆಮ್ಯಾಗ ಓದ್ರಿ. ಮೊದಲು ನಿಮ್ಮ ಊರಾಗ ಒಬ್ಬ ಮಾನಪ್ಪ, ಒಬ್ಬಾಕಿ ರೇಣುಕಾ ಇರ್ತಾರ, ಕರದು ಚಾ ಕುಡಿಸಿ, ಫೋನ್ ಅವರ ಕೈಗೆ ಕೊಟ್ಟು ನೀವು ಬಾಯಿ ಮುಚ್ಕೊಂಡು ಕುಂದರ್ರಿ.

ಈಗ ನಿಮ್ಮ ಪಾಳಿ. ಯಾವ ಅರ್ಜಿ ನಿಮ್ಮನ್ನ ಹೆಂಗ ಕಾಡ್ತು, ಯಾರು ನಿಮ್ಮ ಜಾಗಾದಾ‌ಗ ತಮ್ಮ ನಂಬರ್ ಹಾಕಿದ್ರು, ಇಲ್ಲಾ ನೀವ ದಫ್ತರದೋರಾಗಿದ್ರ ಯಾವುದಕ್ಕ ಕಣ್ಣು ಮುಚ್ಚಿ ‘ಹೌದು’ ಹೊಡದ್ರಿ, ಕೆಳಗ ಬರೀರಿ. ನಾಚಬ್ಯಾಡ್ರಿ, ನಾ ಎಲ್ಲಾ ಬಿಚ್ಚಿಟ್ಟೀನಲ್ಲ. ಒಂದ ಮಾತು, ಹಾಳಿ ಮ್ಯಾಲೆ ಬರದು ಫೋಟೋ ಹೊಡದು ಹಾಕಬ್ಯಾಡ್ರಿ, ಅಕ್ಷರಾನ ಟೈಪ್ ಮಾಡ್ರಿ. ಗಿರಣಿ ಖಾಲಿ ಇದ್ದಾಗ ರೇಣುಕಾ ಇಲ್ಲಿ ಬಂದು ಒಂದೂ ಬಿಡದ ಓದ್ತಾಳ. ನಿಮ್ಮ ಸುದ್ದಿ ಆಕಿಗೆ ಬ್ಯಾರೇದೋರು ಓದಿ ಹೇಳೋದು ಬ್ಯಾಡ.